ಐದು ದಿನ, ಎರಡು ಅಂಚು: ನನ್ನ ಸ್ನೋಬೋರ್ಡ್ ಲೆಕ್ಕ

ಹೊರಡುವ ಮುಂಚೆ

ಸ್ನೋಬೋರ್ಡ್ ಅಂದರೆ ಹಿಮದ ಮೇಲೆ ಜಾರುವ ಹಲಗೆ. ಸ್ಕೀಯ ಹಾಗೆ ಕಾಲಿಗೊಂದಲ್ಲ, ಎರಡೂ ಕಾಲಿಗೆ ಸೇರಿ ಒಂದೇ. ನನ್ನ ಗುರಿಯೂ ಒಂದೇ. ಐದನೇ ದಿನ ಮುಗಿಯುವುದರೊಳಗೆ ಒಂದು ನೀಲಿ ಇಳಿಜಾರನ್ನು (ಹಸಿರು ಗುರುತಿನದು ತೀರಾ ಸುಲಭ, ನೀಲಿ ಅದಕ್ಕಿಂತ ಒಂದು ಮೆಟ್ಟಿಲು ಕಷ್ಟ) ಮೇಲಿನಿಂದ ಕೆಳಗಿನವರೆಗೆ ಒಮ್ಮೆಯಾದರೂ ಬೀಳದೆ ಇಳಿಯಬೇಕು. ಅಡ್ಡಡ್ಡ ಜಾರಿಕೊಂಡು ಅಲ್ಲ, ಎರಡೂ ಕಡೆ ತಿರುಗುತ್ತಾ. ಬರೆದಿಡದಿದ್ದರೆ ಆಮೇಲೆ ಗುರಿಯನ್ನೇ ಬದಲಾಯಿಸಿಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಕಾಲೇಜಿನಿಂದ ಹನ್ನೊಂದು ಜನ ಹೊರಟಿದ್ದೇವೆ. ಮೂವರು ಸ್ಕೀ ಮಾಡುವವರು. ಇಬ್ಬರಿಗೆ ಬೋರ್ಡ್ ಚೆನ್ನಾಗಿ ಬರುತ್ತದೆ, ಅದರಲ್ಲಿ ಒಬ್ಬಳು ನಮ್ಮ ಸೀನಿಯರ್. ಮಿಕ್ಕ ಆರು ಜನ ಬೋರ್ಡನ್ನು ಚಿತ್ರದಲ್ಲಿ ಮಾತ್ರ ನೋಡಿದವರು. ನಾನು ಆ ಆರರಲ್ಲಿ ಒಬ್ಬ.

ಮೊದಲ ಪ್ರಶ್ನೆ: ಯಾವ ಕಾಲು ಮುಂದೆ? ಎಡಗಾಲು ಮುಂದಿದ್ದರೆ ರೆಗ್ಯುಲರ್, ಬಲಗಾಲು ಮುಂದಿದ್ದರೆ ಗೂಫಿ. ಹಿಂದಿನಿಂದ ಯಾರಾದರೂ ತಳ್ಳಿದಾಗ ಯಾವ ಕಾಲು ತಾನಾಗಿ ಮುಂದೆ ಬರುತ್ತದೋ ಅದೇ ಅಂತ ಎಲ್ಲರೂ ಹೇಳುತ್ತಾರೆ. ಹಾಸ್ಟೆಲ್ ವರಾಂಡದಲ್ಲಿ ನನ್ನನ್ನು ನಾಲ್ಕು ಸಲ ತಳ್ಳಿದರು. ಎರಡು ಸಲ ಎಡ, ಒಂದು ಸಲ ಬಲ, ಒಂದು ಸಲ ನೇರ ಗೋಡೆಗೆ. ಕೊನೆಗೆ ಕಾಲುಚೀಲದಲ್ಲಿ ಓಡಿ ಬಂದು ನುಣುಪು ನೆಲದ ಮೇಲೆ ಜಾರಿ ನೋಡಿದೆ. ಪ್ರತಿ ಸಲವೂ ಬಲಗಾಲೇ ಮುಂದೆ. ಗೂಫಿ ಅಂತ ಬರೆದುಕೊಂಡೆ. ತಳ್ಳಿಸಿಕೊಳ್ಳುವುದಕ್ಕಿಂತ ಇದೇ ವಾಸಿ.

ಬೋರ್ಡ್, ಬೂಟು, ಹೆಲ್ಮೆಟ್ ಬಾಡಿಗೆಗೆ. ಗಾಗಲ್ಸ್, ಕೈಗವಸು, ಮಣಿಕಟ್ಟಿನ ಗಾರ್ಡ್ ಸ್ವಂತದ್ದು. ಗಾರ್ಡ್ ನೋಡಿ ಎಲ್ಲರೂ ನಕ್ಕರು. ಆದರೆ ಬೋರ್ಡ್ ಕಲಿಯುವವರು ಜಾಸ್ತಿ ಪೆಟ್ಟು ಮಾಡಿಕೊಳ್ಳುವುದು ಮಣಿಕಟ್ಟಿಗೇ. ಬೀಳುವಾಗ ಅಂಗೈ ಊರುವುದು ನಮಗೆ ಹುಟ್ಟಿನಿಂದ ಬಂದ ಚಾಳಿ. ಮುಷ್ಟಿ ಕಟ್ಟಬೇಕು, ಮುಂದೆ ಬಿದ್ದರೆ ಮೊಣಕಾಲು ಮತ್ತು ಮುಂಗೈ ಮೇಲೆ ಬೀಳಬೇಕು, ಹಿಂದೆ ಬಿದ್ದರೆ ಗಲ್ಲವನ್ನು ಎದೆಗೆ ಒತ್ತಿ ಬೆನ್ನ ಮೇಲೆ ಉರುಳಬೇಕು. ಇದನ್ನು ಹಾಸಿಗೆಯ ಮೇಲೆ ಅಭ್ಯಾಸ ಮಾಡಿದೆ. ರೂಮ್‌ಮೇಟ್ ವಿಡಿಯೋ ಮಾಡಿಟ್ಟುಕೊಂಡಿದ್ದಾನೆ.

ದಿನ 1

ಬೂಟಿನ ಬಗ್ಗೆ ಒಂದು ಮಾತು. ನಿಂತಾಗ ಕಾಲ್ಬೆರಳು ಬೂಟಿನ ತುದಿಗೆ ಸೋಕಬೇಕು, ಮೊಣಕಾಲು ಬಗ್ಗಿಸಿದಾಗ ಸ್ವಲ್ಪ ಹಿಂದೆ ಬರಬೇಕು, ಹಿಮ್ಮಡಿ ಮಾತ್ರ ಮೇಲೇಳಬಾರದು. ಒಂದೇ ಜೊತೆ ಕಾಲುಚೀಲ ಸಾಕು. ನಮ್ಮಲ್ಲೊಬ್ಬ ಚಳಿ ಅಂತ ಎರಡು ಜೊತೆ ಹತ್ತಿ ಕಾಲುಚೀಲ ಹಾಕಿದ. ಬೆವರು ಅಲ್ಲೇ ನಿಂತು, ಬಟ್ಟೆ ಮಡಚಿಕೊಂಡು, ಮಧ್ಯಾಹ್ನಕ್ಕೆ ಅವನ ಕಾಲು ಎಲ್ಲರಿಗಿಂತ ತಣ್ಣಗಾಗಿತ್ತು. ಗುಳ್ಳೆ ಬೇರೆ.

ಬೆಳಿಗ್ಗೆ ಎರಡು ಗಂಟೆ ಗುಂಪಿನ ಪಾಠ. ಮುಂದಿನ ಕಾಲನ್ನು ಮಾತ್ರ ಕಟ್ಟಿಕೊಂಡು, ಹಿಂದಿನ ಕಾಲಿನಲ್ಲಿ ನೆಲ ತಳ್ಳುತ್ತಾ ಸಾಗುವುದು. ಇದಕ್ಕೆ ಸ್ಕೇಟಿಂಗ್ ಅನ್ನುತ್ತಾರೆ. ನೋಡಲು ಕುಂಟೆಬಿಲ್ಲೆ ಆಟದಲ್ಲಿ ಸೋಲುತ್ತಿರುವವರ ಹಾಗೆ. ಆಮೇಲೆ ಹಿಮ್ಮಡಿ ಕಡೆಯ ಅಂಚಿನ ಮೇಲೆ, ಅಂದರೆ ಹೀಲ್ ಸೈಡ್‌ನಲ್ಲಿ, ಬೋರ್ಡನ್ನು ಅಡ್ಡ ಇಟ್ಟುಕೊಂಡು ಜಾರುವುದು. ಕಾಲ್ಬೆರಳನ್ನು ಮೇಲೆತ್ತಿದರೆ ಅಂಚು ಹಿಮಕ್ಕೆ ಕಚ್ಚಿ ಬ್ರೇಕ್. ಸ್ವಲ್ಪ ಇಳಿಸಿದರೆ ಜಾರು. ಜಾಸ್ತಿ ಇಳಿಸಿದರೆ ಮೂಗು ಹಿಮದಲ್ಲಿ.

ಉಳಿದ ಐವರು ಹತ್ತನೇ ಸಲಕ್ಕೆ ಸುಮಾರಾಗಿ ನಿಲ್ಲುತ್ತಿದ್ದರು. ನನ್ನ ಬೋರ್ಡ್ ಮಾತ್ರ ಎತ್ತಲೋ ಎಳೆಯುತ್ತಿತ್ತು. ಹೆದರಿಕೆ ಅಂದುಕೊಂಡೆ. ಊಟದ ಹೊತ್ತಿಗೆ ಬಂದ ಸೀನಿಯರ್ ನನ್ನ ಬೈಂಡಿಂಗ್, ಅಂದರೆ ಬೂಟನ್ನು ಬೋರ್ಡಿಗೆ ಹಿಡಿದಿಡುವ ಕಟ್ಟು, ನೋಡಿ, "ಲೋ, ನೀನು ಗೂಫಿ ಅಂದಿದ್ದೆ ಅಲ್ವಾ? ಇದು ರೆಗ್ಯುಲರ್‌ಗೆ ಕೂರಿಸಿದಾರೆ" ಅಂದಳು. ಬಾಡಿಗೆ ಅಂಗಡಿಯಲ್ಲಿ ಚೀಟಿಯ ಮೇಲೆ ಸರಿಯಾಗೇ ಬರೆದಿದ್ದರು, ಕೂರಿಸುವಾಗ ತಪ್ಪಿಸಿದ್ದರು. ನಾನೂ ನೋಡಿಕೊಳ್ಳಲಿಲ್ಲ. ಒಂದು ಪಾದ 18 ಡಿಗ್ರಿ ಹೊರಕ್ಕೆ, ಇನ್ನೊಂದು ನೇರ ಸೊನ್ನೆ. ಬೆಳಿಗ್ಗೆಯೆಲ್ಲ ಬೋರ್ಡಿನ ಬಾಲವನ್ನು ಮುಂದೆ ಮಾಡಿಕೊಂಡು, ಕಾಲು ತಿರುಚಿಕೊಂಡು ಜಾರಿದ್ದೆ.

ಲಿಫ್ಟಿನ (ತಂತಿಗೆ ತೂಗುಬಿಟ್ಟ ಕುರ್ಚಿಯಲ್ಲಿ ಬೆಟ್ಟದ ಮೇಲಕ್ಕೆ ಒಯ್ಯುವುದು) ಹತ್ತಿರದ ಕಟ್ಟೆಯ ಮೇಲೆ ಸರಪಳಿ ಕಟ್ಟಿದ ಸ್ಕ್ರೂಡ್ರೈವರ್ ಇತ್ತು. ಸ್ಕ್ರೂ ಬಿಚ್ಚಿ ಎರಡೂ ಪಾದವನ್ನು ಹೊರಕ್ಕೆ 15 ಡಿಗ್ರಿಗೆ ಕೂರಿಸಿದೆವು. ಇದಕ್ಕೆ ಡಕ್ ಸ್ಟಾನ್ಸ್ ಅಂತಾರೆ, ಬಾತುಕೋಳಿಯ ಪಾದದ ಹಾಗೆ. ಕಲಿಯುವವರಿಗೆ ಇದೇ ಅನುಕೂಲ, ಎತ್ತ ಹೋದರೂ ನಿಲುವು ಒಂದೇ.

ಬಿದ್ದ ಲೆಕ್ಕ: 31. ಆಮೇಲೆ ಎಣಿಸುವುದು ಬಿಟ್ಟೆ.

ಏಳುವುದಕ್ಕೆ ಒಂದು ಉಪಾಯ ಸಿಕ್ಕಿತು. ಅಂಡಿನ ಮೇಲೆ ಕೂತವನು ಮುಂದಕ್ಕೆ ಬಾಗಿ ಏಳಲು ಹೋದರೆ ಹೊಟ್ಟೆಯ ಶಕ್ತಿಯೆಲ್ಲ ಹೋಗುತ್ತದೆ. ಮಗುಚಿ ಬೋರಲಾಗಿ, ಮೊಣಕಾಲೂರಿ, ಕೈಯಿಂದ ತಳ್ಳಿ ಏಳಬೇಕು. ಅರ್ಧ ಸುಸ್ತು ಕಡಿಮೆ.

ದಿನ 2

ಇವತ್ತು ಟೋ ಸೈಡ್. ಬೆಟ್ಟದ ಕಡೆ ಮುಖ, ಕಣಿವೆಯ ಕಡೆ ಬೆನ್ನು, ಬೆರಳ ತುದಿಯ ಅಂಚಿನ ಮೇಲೆ ನಿಲುವು. ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಕಾಣುವುದಿಲ್ಲ. ನಿನ್ನೆ ಬಿದ್ದದ್ದೆಲ್ಲ ಒಂದು ತೂಕ, ಇದೊಂದು ತೂಕ.

"ಎಡ್ಜ್ ಕಚ್ಚಿತು" ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಏನು ಅಂತ ಹತ್ತು ಗಂಟೆಗೆ ಅರ್ಥವಾಯಿತು. ಬೋರ್ಡ್ ಅಡ್ಡಕ್ಕೆ ಜಾರುವಾಗ ಬೆಟ್ಟದ ಕಡೆಯ ಅಂಚು ಮಾತ್ರ ಹಿಮಕ್ಕೆ ಒತ್ತಿರಬೇಕು. ಕಣಿವೆಯ ಕಡೆಯ ಅಂಚು ಒಂದು ಚೂರು ಕೆಳಗಾದರೂ ಅದು ಹಿಮಕ್ಕೆ ಸಿಕ್ಕಿ ಬೋರ್ಡ್ ಅಲ್ಲೇ ನಿಲ್ಲುತ್ತದೆ. ದೇಹ ನಿಲ್ಲುವುದಿಲ್ಲ. ಹೀಲ್ ಸೈಡ್‌ನಲ್ಲಿ ಹೀಗಾದರೆ ಮುಂದೆ ಬೀಳುತ್ತೀರಿ. ಟೋ ಸೈಡ್‌ನಲ್ಲಾದರೆ ಬೆನ್ನ ಹಿಂದಕ್ಕೆ, ಇಳಿಜಾರಿನ ಕಡೆಗೆ, ಯಾರೋ ಕಂಬಳಿ ಎಳೆದ ಹಾಗೆ. ಮೊದಲು ಅಂಡು, ಆಮೇಲೆ ಬೆನ್ನು, ಆಮೇಲೆ ಹೆಲ್ಮೆಟ್. ಹೆಲ್ಮೆಟ್ ಹಿಮಕ್ಕೆ ಬಡಿದ ಸದ್ದು ಒಳಗಿನಿಂದ ಕೇಳಿದರೆ ಬೇರೆಯೇ ಇರುತ್ತದೆ.

ಮಧ್ಯಾಹ್ನ ಎಲೆಯ ಆಟ, ಫಾಲಿಂಗ್ ಲೀಫ್. ಒಂದೇ ಅಂಚಿನ ಮೇಲೆ ನಿಂತು, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತಾ, ಮರದಿಂದ ಉದುರುವ ಎಲೆಯಂತೆ ಅತ್ತ ಇತ್ತ ತೇಲುತ್ತಾ ಇಳಿಯುವುದು. ಹೀಲ್ ಸೈಡ್‌ನಲ್ಲಿ ಇದು ನಿಜಕ್ಕೂ ಬಂತು. ಇಡೀ ಹಸಿರು ಇಳಿಜಾರು ಹೀಗೇ ಇಳಿದೆ. ತೊಂದರೆ ಏನೆಂದರೆ ಇಷ್ಟು ಬಂದರೆ ಸಾಕು ಅನಿಸಿಬಿಡುತ್ತದೆ. ಬೆಟ್ಟದಲ್ಲಿ ಎಲೆಯಾಗಿಯೇ ಉಳಿದುಹೋದ ಎಷ್ಟೋ ಜನ ಕಂಡರು.

ಚೇರ್‌ಲಿಫ್ಟ್: ಹತ್ತುವುದು ಸುಲಭ. ಇಳಿಯುವಾಗ ಹಿಂದಿನ ಕಾಲನ್ನು ಬೈಂಡಿಂಗ್‌ಗಳ ನಡುವಿನ ಒರಟು ಜಾಗಕ್ಕೆ ಒತ್ತಿ, ಬೋರ್ಡಿನ ಮೂತಿಯನ್ನು ನೇರ ಇಟ್ಟು, ಸುಮ್ನೆ ಎದ್ದು ನಿಲ್ಲಬೇಕು. ನಾವು ಮೂವರು ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದೆವು. ಹಿಡಿದುಕೊಂಡೇ ಬಿದ್ದೆವು. ಲಿಫ್ಟ್ ನಿಲ್ಲಿಸಬೇಕಾಯಿತು. ಗಾಳಿಯಲ್ಲಿ ತೂಗುತ್ತಾ ಕಾದವರಲ್ಲಿ ನಮ್ಮ ಸ್ಕೀ ಗುಂಪಿನ ಮೂವರೂ ಇದ್ದರು.

ಬಿಸಿಲು ಚೆನ್ನಾಗಿತ್ತು. ಸಂಜೆ ನೋಡಿದರೆ ಗಲ್ಲದ ಅಡಿ, ಮೂಗಿನ ಹೊಳ್ಳೆಯ ಕೆಳಗೆ ಸುಟ್ಟಿದೆ. ಹೊಸ ಹಿಮ ನೇರಳಾತೀತ ಕಿರಣದ ಶೇ. 80ರವರೆಗೂ ವಾಪಸ್ ಚಿಮ್ಮಿಸುತ್ತದೆ. ಕ್ರೀಮನ್ನು ಹಣೆಗೆ ಬಳಿದುಕೊಂಡು ಬಂದವನಿಗೆ ಬಿಸಿಲು ಕೆಳಗಿನಿಂದ ಹೊಡೆಯಿತು.

ದಿನ 3

ಬಾಲಮೂಳೆ. ಕೂರಲು ಆಗುತ್ತಿಲ್ಲ. ಮೋಡ ಕವಿದು ನೆರಳೇ ಬೀಳುತ್ತಿಲ್ಲ, ಉಬ್ಬು ಯಾವುದು ತಗ್ಗು ಯಾವುದು ಕಾಣುವುದಿಲ್ಲ. ಎರಡು ಸಲ ಇಳಿದು ಬೋರ್ಡ್ ಬಿಚ್ಚಿಟ್ಟೆ.

ಒಲೆಯ ಪಕ್ಕ ಸೀನಿಯರ್ ಬೋರ್ಡಿನ ಹಳೆ ಕಥೆ ಹೇಳಿದಳು. 1965ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಶೆರ್ಮನ್ ಪಾಪ್ಪೆನ್ ಅನ್ನುವವರು ಮಗಳಿಗೆ ಆಡಲು ಎರಡು ಸ್ಕೀಯನ್ನು ಜೋಡಿಸಿ ಒಂದು ಹಲಗೆ ಮಾಡಿದರು. ಸ್ನರ್ಫರ್ ಅಂತ ಅದರ ಹೆಸರು. ಬೈಂಡಿಂಗ್ ಇರಲಿಲ್ಲ, ಮೂತಿಗೆ ಕಟ್ಟಿದ ಹಗ್ಗ ಹಿಡಿದು ನಿಲ್ಲಬೇಕಿತ್ತು. ಅಲ್ಲಿಂದ, ಸ್ನೋಬೋರ್ಡ್ ಮೊದಲ ಸಲ ಸೇರಿದ 1998ರ ನಗಾನೊ ಒಲಿಂಪಿಕ್ಸ್‌ವರೆಗೆ ಬರಲು 33 ವರ್ಷ. ನನಗೆ ಒಲಿಂಪಿಕ್ಸ್ ಬೇಡ, ಆ ಹಗ್ಗ ಯಾಕೆ ತೆಗೆದರು ಅಂತ ಕೇಳಿದೆ. "ಹಗ್ಗ ಇದ್ದಿದ್ರೆ ನೀನು ಹಿಂದಕ್ಕೆ ವಾಲ್ತಿದ್ದೆ. ಈಗಲೂ ಅದನ್ನೇ ಮಾಡ್ತಿದೀಯ" ಅಂದಳು.

ಆ ಮಾತು ಸಂಜೆಯೆಲ್ಲ ತಲೆಯಲ್ಲಿತ್ತು.

ದಿನ 4

ನೋವು ಕಡಿಮೆ. ಪ್ಯಾಂಟಿನೊಳಗೆ ಮಡಚಿದ ಸ್ವೆಟರ್ ಇಟ್ಟುಕೊಂಡೆ. ನೋಡಲು ಹೇಗಿತ್ತು ಅಂತ ಕೇಳಬೇಡಿ.

ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆ ಕಲ್ಲಿನ ಹಾಗಿರುತ್ತದೆ. ಮಧ್ಯಾಹ್ನದ ಮೇಲೆ ಎಲ್ಲರೂ ಉಜ್ಜಿ ಉಜ್ಜಿ ಗುಡ್ಡೆ ಬಿದ್ದಿರುತ್ತದೆ. ನಡುವೆ ಸುಮಾರು ಮೂರು ಗಂಟೆ ಮೆತ್ತಗಿರುತ್ತದೆ. ಕಲಿಯುವವರಿಗೆ ಆ ಮೂರು ಗಂಟೆಯೇ ಬಂಗಾರ. ಇದನ್ನು ಮೊದಲ ದಿನವೇ ತಿಳಿದಿದ್ದರೆ ಎಂಟೂವರೆಗೆ ಎದ್ದು ಓಡುತ್ತಿರಲಿಲ್ಲ.

ಇವತ್ತಿನ ಕೆಲಸ ತಿರುವು. ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗುವುದು. ಎರಡೂ ಅಂಚಿನ ಮೇಲೆ ನಿಲ್ಲಲು ಬರುತ್ತದೆ, ಇನ್ನೇನು, ಅಂದುಕೊಂಡಿದ್ದೆ. ಆದರೆ ನಡುವೆ ಒಂದು ಕ್ಷಣ ಇದೆ. ಬೋರ್ಡಿನ ಮೂತಿ ನೇರ ಕೆಳಗೆ ನೋಡುವ ಕ್ಷಣ. ಆಗ ಯಾವ ಅಂಚೂ ಹಿಡಿದಿರುವುದಿಲ್ಲ, ವೇಗ ಮಾತ್ರ ಏರುತ್ತಿರುತ್ತದೆ. ಜೀವ ಬಾಯಿಗೆ ಬರುತ್ತದೆ. ಆ ಕ್ಷಣದಲ್ಲಿ ನಾನು ಪ್ರತಿ ಸಲವೂ ಎರಡರಲ್ಲೊಂದು ಮಾಡುತ್ತಿದ್ದೆ. ಒಂದೋ ಹಿಂದಕ್ಕೆ ವಾಲುತ್ತಿದ್ದೆ, ಇಲ್ಲವೇ ಅವಸರಪಟ್ಟು ಬೋರ್ಡನ್ನು ಹಿಂಗಾಲಿನಿಂದ ಒದ್ದು ತಿರುಗಿಸುತ್ತಿದ್ದೆ. ಹಿಂದಕ್ಕೆ ವಾಲಿದರೆ ಮೂತಿ ಹಗುರಾಗಿ ಬೋರ್ಡ್ ಮಾತೇ ಕೇಳುವುದಿಲ್ಲ, ಇನ್ನೂ ಜೋರಾಗಿ ಓಡುತ್ತದೆ. ಒದ್ದರೆ ತಪ್ಪು ಅಂಚು ಕಚ್ಚುತ್ತದೆ. ನಿನ್ನೆ ಹಗ್ಗದ ಬಗ್ಗೆ ಹೇಳಿದ್ದು ಇದನ್ನೇ.

ಸೀನಿಯರ್ ಕೊಟ್ಟ ಮದ್ದು ಹೀಗಿತ್ತು. ಮುಂದಿನ ಕೈಯನ್ನು ಹೋಗಬೇಕಾದ ಕಡೆಗೆ ಚಾಚು. ಭಾರವೆಲ್ಲ ಮುಂಗಾಲಿಗೆ. ಮೂತಿ ಕೆಳಗೆ ತಿರುಗಿದ ಮೇಲೆ "ಒಂದು, ಎರಡು" ಅಂತ ಬಾಯಿಬಿಟ್ಟು ಎಣಿಸು. ಎಣಿಸುವವರೆಗೆ ಏನೂ ಮಾಡಬೇಡ. ಆಮೇಲೆ ಬೆರಳು ಒತ್ತು.

ಏನೂ ಮಾಡದೆ ಇರುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಮೊದಲ ಆರು ಸಲ "ಒಂದು" ಅನ್ನುವುದರೊಳಗೆ ಬಿದ್ದೆ. ಏಳನೇ ಸಲ "ಒಂದು, ಎರ..." ಅಂದೆ. ಬೋರ್ಡ್ ತಾನಾಗಿ ಓರೆಯಾಯಿತು. ಬೆರಳು ಒತ್ತಿದೆ, ಬೆಟ್ಟ ಎದುರಿಗೆ ಬಂತು, ನಿಂತಿದ್ದೆ! ಟೋ ಸೈಡ್‌ನಲ್ಲಿ, ಕಣಿವೆಗೆ ಬೆನ್ನು ಹಾಕಿ, ನೆಟ್ಟಗೆ. ಕೂಗಿಕೊಂಡೆ. ಕೂಗುವಾಗ ಹಿಂದಿನ ಅಂಚು ಕಚ್ಚಿತು. ಪರವಾಗಿಲ್ಲ, ಸ್ವೆಟರ್ ಇತ್ತು.

ಸಂಜೆಯ ಹೊತ್ತಿಗೆ ಹೀಲ್‌ನಿಂದ ಟೋ ಹತ್ತರಲ್ಲಿ ಆರು ಸಲ. ಟೋನಿಂದ ಹೀಲ್ ಹತ್ತರಲ್ಲಿ ಮೂರು. ಎರಡನೆಯದಕ್ಕೆ ಬೆನ್ನ ಕಡೆಗೇ ತಿರುಗಬೇಕು, ಅಲ್ಲಿ ಯಾರಿದ್ದಾರೆ ಅಂತ ಕಾಣದು. ಭುಜದ ಮೇಲಿಂದ ಒಮ್ಮೆ ನೋಡಿಯೇ ತಿರುಗಬೇಕು.

ಬೈಸಿಕೊಂಡದ್ದನ್ನೂ ಬರೆಯಬೇಕು. ಒಂದು ಉಬ್ಬಿನ ಕೆಳಗೆ ನಾವು ಆರೂ ಜನ ಸಾಲಾಗಿ ಕೂತು ಹರಟುತ್ತಿದ್ದೆವು. ಮೇಲಿನಿಂದ ಬರುವವರಿಗೆ ನಾವು ಕಾಣುತ್ತಲೇ ಇರಲಿಲ್ಲ. ಸ್ಕೀ ಮಾಡುತ್ತಿದ್ದ ಹಿರಿಯರೊಬ್ಬರು ಕೂದಲೆಳೆಯಲ್ಲಿ ತಪ್ಪಿಸಿಕೊಂಡು, ನಿಂತು, ಚೆನ್ನಾಗಿ ಉಗಿದರು. ಸರಿಯಾಗೇ ಉಗಿದರು. ಕೆಳಗಿರುವವರಿಗೆ ದಾರಿ ಬಿಡುವುದು ಮೇಲಿನವರ ಹೊಣೆ, ನಿಜ. ಆದರೆ ಇಕ್ಕಟ್ಟಿನಲ್ಲಿ, ಕಣ್ಣಿಗೆ ಕಾಣದ ಕಡೆ ನಿಲ್ಲಬಾರದು ಅನ್ನುವುದೂ ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟದ ಹತ್ತು ನಿಯಮಗಳಲ್ಲಿ ಒಂದು. ಟಿಕೆಟ್ ಕೌಂಟರಿನ ಪಕ್ಕದ ಫಲಕದಲ್ಲಿ ಅದನ್ನು ಬರೆದಿತ್ತು. ನಾವು ಅದಕ್ಕೆ ಒರಗಿ ಫೋಟೋ ತೆಗೆಸಿಕೊಂಡಿದ್ದೆವು.

ದಿನ 5

ನೀಲಿ ಇಳಿಜಾರು. ಮೂರು ಯತ್ನ.

ಮೊದಲನೆಯದು: 7 ಸಲ ಬಿದ್ದೆ. ಇಳಿಜಾರು ಕಡಿದಾದ ಕಡೆ ಮತ್ತೆ ಹಿಂದಕ್ಕೆ ವಾಲಿದೆ.

ಎರಡನೆಯದು: 3. ಎರಡು ಟೋನಿಂದ ಹೀಲ್ ತಿರುವಿನಲ್ಲಿ, ಒಂದು ನಿಂತಲ್ಲೇ. ನಿಂತಲ್ಲೇ ಬೀಳುವುದಕ್ಕೆ ಕಾರಣ ಇನ್ನೂ ಹುಡುಕುತ್ತಿದ್ದೇನೆ.

ಮೂರನೆಯದಕ್ಕೆ ಹನ್ನೊಂದು ಜನವೂ ಒಟ್ಟಿಗೆ ಹೊರಟೆವು. ಸ್ಕೀಯವರು ಪ್ರತಿ ತಿರುವಿನಲ್ಲೂ ಅಂಚಿಗೆ ಸರಿದು ಕಾದರು. ನಾನು ಎಣಿಸುತ್ತಾ ಇಳಿದೆ. ಒಂದು, ಎರಡು, ಬೆರಳು. ಭುಜದ ಮೇಲೆ ನೋಟ, ಒಂದು, ಎರಡು, ಹಿಮ್ಮಡಿ. ಇಳಿಜಾರು ಕಡಿದಾದ ಕಡೆ ಎಣಿಕೆ ಸ್ವಲ್ಪ ಬೇಗವಾಯಿತು, ಬಾಯಿ ಒಣಗಿತು, ಆದರೆ ಮುಂಗಾಲಿನ ಮೇಲೇ ಇದ್ದೆ. ಎಲ್ಲೋ ನಡುವೆ ಎಣಿಸುವುದನ್ನು ಮರೆತಿದ್ದೆ. ಮರೆತಿದ್ದೇನೆ ಅಂತ ಹೊಳೆದಾಗ ಲಿಫ್ಟ್ ಕಾಣುತ್ತಿತ್ತು.

ಲಿಫ್ಟಿನ ಮುಂಚೆ ಒಂದಷ್ಟು ದೂರ ಸಮತಟ್ಟು. ಬೋರ್ಡಿನವರಿಗೆ ಸಮತಟ್ಟೇ ಶತ್ರು. ಸ್ಕೀಯವರಿಗೆ ಕೋಲು ಇರುತ್ತದೆ, ತಳ್ಳಿಕೊಂಡು ಹೋಗುತ್ತಾರೆ. ನಮಗೆ ವೇಗ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಪಾಟಾದ ಕಡೆ ಬೋರ್ಡನ್ನು ಪೂರಾ ಮಟ್ಟವಾಗಿ ಬಿಟ್ಟರೆ ಯಾವುದಾದರೊಂದು ಅಂಚು ಕಚ್ಚುವ ಭಯ, ಚೂರು ಒಂದು ಕಡೆಗೆ ಒತ್ತಿಟ್ಟುಕೊಳ್ಳಬೇಕು. ಇದು ಗೊತ್ತಿತ್ತು. ಗೊತ್ತಿದ್ದೂ, ಎದುರಿಗೆ ನಿಂತು ಚಪ್ಪಾಳೆ ತಟ್ಟುತ್ತಿದ್ದ ರೂಮ್‌ಮೇಟ್‌ಗೆ ಕೈ ಬೀಸಿದೆ.

ಲಿಫ್ಟಿಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ನಡೆಯುವ ವೇಗದಲ್ಲಿ, ಮೂಟೆ ಬಿದ್ದ ಹಾಗೆ ಬಿದ್ದೆ.

ಇಳಿಜಾರು ಅಲ್ಲಿಗೆ ಮುಗಿದಿತ್ತು, ಆದ್ದರಿಂದ ಬಿದ್ದದ್ದು ಲೆಕ್ಕಕ್ಕಿಲ್ಲ ಅನ್ನುವುದು ನನ್ನ ವಾದ. ಬೂಟು ವಾಪಸ್ ಕೊಡುವ ಸಾಲಿನಲ್ಲಿ ಮತಕ್ಕೆ ಹಾಕಿದೆವು. ಹತ್ತು ಜನ ಒಂದು ಕಡೆ, ನಾನೊಬ್ಬ ಒಂದು ಕಡೆ. ಹಾಗಾಗಿ ಮೂರನೇ ಯತ್ನದ ಮುಂದೆ 1 ಅಂತ ಬರೆದಿದ್ದೇನೆ. ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ "ಸಮತಟ್ಟಿನಲ್ಲಿ" ಅಂತಲೂ.