ದೊಡ್ಡಮ್ಮ ಕೇಳಿದ ಗಾಂಜಾ ಎಣ್ಣೆ

ಕಳೆದ ವಾರ ಮೂಡಿಗೆರೆಯಿಂದ ದೊಡ್ಡಮ್ಮನ ಫೋನ್. ದೊಡ್ಡಪ್ಪನಿಗೆ ಹಾಸನದಲ್ಲಿ ಕ್ಯಾನ್ಸರಿಗೆ ಕೀಮೋ ನಡೀತಿದೆ. "ಅನ್ನ ಕಂಡ್ರೆ ವಾಂತಿ, ರಾತ್ರಿಯೆಲ್ಲ ನೋವು. ನಿಮ್ಮ ಕೆನಡಾದಲ್ಲಿ ಗಾಂಜಾ ಎಣ್ಣೆ ಅಂಗಡೀಲೇ ಸಿಗುತ್ತಂತಲ್ಲ ಪುಟ್ಟಾ, ಕಾಫಿ ಕುಯ್ಲಿಗೆ ಬರುವಾಗ ಒಂದು ಬಾಟ್ಲಿ ತಗೊಂಡ್ ಬಾ." ಊರಿಂದ ಹೀಗೆ ಕೇಳಿದವರಲ್ಲಿ ದೊಡ್ಡಮ್ಮ ಮೂರನೆಯವರು. ಅದಕ್ಕೇ ಎಲ್ಲರಿಗೂ ಸೇರಿಸಿ ಬರೀತಿದ್ದೀನಿ.

ನಾನಿರೋದು ಮಿಸಿಸಾಗಾದಲ್ಲಿ, ಕೆಲಸ ಔಷಧಿ ಅಂಗಡಿಯಲ್ಲಿ. ಇಲ್ಲಿ ರೋಗಿಗಳಿಗೆ 2001ರಿಂದ, ವಯಸ್ಕರೆಲ್ಲರಿಗೂ 2018ರ ಅಕ್ಟೋಬರ್ 17ರಿಂದ ಗಾಂಜಾ ಬಳಸಲು ಕಾನೂನಿನ ಒಪ್ಪಿಗೆ ಇದೆ. ಆದರೂ ನಮ್ಮ ಕಪಾಟಿನಲ್ಲಿ ಅದು ಇಲ್ಲ. ಡಾಕ್ಟರ ಪತ್ರ ಪರವಾನಗಿ ಪಡೆದ ಮಾರಾಟಗಾರರಿಗೆ ಹೋಗಿ, ಎಣ್ಣೆ ಅಂಚೆಯಲ್ಲಿ ರೋಗಿಯ ಮನೆಗೆ ಬರುತ್ತೆ. ನಾವು ಕೊಡೋದು ನಾಬಿಲೋನ್ ಕ್ಯಾಪ್ಸೂಲ್. ಗಾಂಜಾದಲ್ಲಿ ಅಮಲು ಬರಿಸುವ ಅಂಶ ಟಿಎಚ್‌ಸಿ. ಅದನ್ನೇ ಹೋಲುವಂತೆ ಪ್ರಯೋಗಾಲಯದಲ್ಲಿ ಮಾಡಿದ್ದು ಇದು. ಇದಕ್ಕೆ ಒಪ್ಪಿಗೆ ಇರೋದು ಕೀಮೋದಿಂದ ಬರುವ ತೀವ್ರ ವಾಂತಿಗೆ. ಇನ್ನೊಂದು ಅಂಶ ಸಿಬಿಡಿ. ಅದರಿಂದ ಮಾಡಿದ ಔಷಧಿಗೆ ಮಕ್ಕಳ ಕೆಲವು ವಿರಳ ಮೂರ್ಛೆರೋಗಗಳಿಗಾಗಿ ಅಮೆರಿಕ 2018ರಲ್ಲಿ ಒಪ್ಪಿಗೆ ಕೊಟ್ಟಿದೆ. ಗಾಂಜಾ ಎಣ್ಣೆ ಕ್ಯಾನ್ಸರನ್ನೇ ವಾಸಿ ಮಾಡುತ್ತೆ ಅನ್ನೋ ವಾಟ್ಸ್‌ಆಪ್ ವಿಡಿಯೊ ದಯವಿಟ್ಟು ನಂಬಬೇಡಿ.

ದೊಡ್ಡಪ್ಪನ ಮಾತ್ರೆಗಳ ಫೋಟೊ ತರಿಸಿಕೊಂಡೆ. ಅದರಲ್ಲಿ ವಾರ್ಫರಿನ್ ಇತ್ತು, ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋದು. ಎದೆ ಧಸಕ್ಕೆಂದಿತು. ಸಿಬಿಡಿ ಜೊತೆಗೆ ಸೇರಿದರೆ ವಾರ್ಫರಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿದು ಒಳಗೇ ರಕ್ತಸ್ರಾವ ಆಗಬಹುದು. ಟಿಎಚ್‌ಸಿ ಇರೋ ಎಣ್ಣೆ ನುಂಗಿದರೆ ಪರಿಣಾಮ ಕಾಣೋಕೆ ಅರ್ಧದಿಂದ ಎರಡು ಗಂಟೆ ಬೇಕು. ಏನೂ ಆಗ್ಲಿಲ್ಲ ಅಂತ ಇನ್ನಷ್ಟು ಕುಡಿದು, ತಲೆಸುತ್ತಿ, ವಯಸ್ಸಾದವರು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದರೆ ಸೊಂಟವೇ ಹೋಯಿತು. ಮನೆತನದಲ್ಲಿ ಮನೋರೋಗ ಇದ್ದವರಿಗಂತೂ ಅಪಾಯ ಇನ್ನೂ ಜಾಸ್ತಿ.

ತರುವ ಮಾತಂತೂ ಇಲ್ಲವೇ ಇಲ್ಲ. ಡಾಕ್ಟರ ಪತ್ರ ಇದ್ದರೂ ಕೆನಡಾದ ಗಡಿ ದಾಟಿಸೋದು ಇಲ್ಲಿ ಅಪರಾಧ, ಅಲ್ಲಿ ಭಾರತದಲ್ಲಿ ಮಾದಕ ವಸ್ತುಗಳನ್ನು ತಡೆಯೋ 1985ರ ಎನ್‌ಡಿಪಿಎಸ್ ಕಾಯ್ದೆ. ಅದರ ಲೆಕ್ಕದಲ್ಲಿ "ಅಲ್ಪ ಪ್ರಮಾಣ" ಅನಿಸಿಕೊಂಡಷ್ಟಕ್ಕೂ ಒಂದು ವರ್ಷದವರೆಗೆ ಜೈಲು ಆಗಬಹುದು.

ಆದರೆ ಅದೇ ಕಾಯ್ದೆಗೆ 2014ರಲ್ಲಿ ತಂದ ತಿದ್ದುಪಡಿ ನಮ್ಮ ಊರಲ್ಲಿ ಎಷ್ಟು ಜನಕ್ಕೆ ಗೊತ್ತು? ಮಾರ್ಫಿನ್‌ನಂಥ ನೋವಿನ ಔಷಧಿಗಳನ್ನು ಅಗತ್ಯ ಪಟ್ಟಿಗೆ ಸೇರಿಸಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಸುಲಭವಾಗಿ ಇಟ್ಟುಕೊಳ್ಳೋ ಹಾಗೆ ಮಾಡಿದ್ದಾರೆ. ವಾಂತಿಗೂ ಒಂಡಾನ್‌ಸೆಟ್ರಾನ್ ಒಂದೇ ಅಲ್ಲ, ಬೇರೆ ಮಾತ್ರೆಗಳಿವೆ. "ನೋವಿನ ವಿಷಯ ಡಾಕ್ಟರಿಗೆ ಹೇಳಿದ್ರಾ?" ಅಂತ ಕೇಳಿದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಷ್ಟು ಜನ ಕಾಯ್ತಿರ್ತಾರೆ ಪುಟ್ಟಾ. ಹೇಗಿದ್ದೀರಿ ಅಂದ್ರೆ ಇವ್ರು ಪರವಾಗಿಲ್ಲ ಅಂದ್ಬಿಡ್ತಾರೆ."

ಗುರುವಾರ ಮತ್ತೆ ಹಾಸನಕ್ಕೆ ಹೋಗಬೇಕು. ದಿನಕ್ಕೆ ಎಷ್ಟು ಸಲ ವಾಂತಿ, ನೋವು ಎಷ್ಟೊತ್ತಿಗೆ, ಎಲ್ಲಿ ಅಂತ ತೋಟದ ಆಳಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ದೊಡ್ಡಮ್ಮ ಬರೆದಿಡ್ತಿದ್ದಾರೆ.