ಒಂದನೇ ತಾರೀಕು, ಹನ್ನೆರಡನೇ ತಾರೀಕು

ಕಲಬುರಗಿ
4 ಮೇ 2025, ರವಿವಾರ

ಬೆಳಿಗ್ಗೆ ಎಂಟಕ್ಕೇ ಹುಡುಗ ಬಂದ. ಸೇಡಂ ಕಡೆಯವನು, ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಾನೆ. ಬಿಸಿಲು ಏರುವ ಮೊದಲೇ ಬಾ ಎಂದು ನಾನೇ ಹೇಳಿದ್ದೆ. ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಪೆನ್‌ಡ್ರೈವ್. ರಾತ್ರಿಯಿಡೀ ನಿದ್ದೆ ಮಾಡಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಮೇಡಂ, ಅದೇ ಫೈಲು, ಅದೇ ಕೋಡು. ಲ್ಯಾಬಿನ ಕಂಪ್ಯೂಟರಿನ್ಯಾಗ ಉತ್ತರ ಬರ್ತದ. ನನ್ನ ಲ್ಯಾಪ್‌ಟಾಪಿನ್ಯಾಗ ಬರಂಗಿಲ್ರಿ."

ಅವನ ಪ್ರಾಜೆಕ್ಟ್ ಕಲಬುರಗಿ ಮಾರುಕಟ್ಟೆಯ ತೊಗರಿ ಬಗ್ಗೆ. ದಿನದ ಆವಕ ಎಷ್ಟು, ಕ್ವಿಂಟಲಿಗೆ ಧಾರಣೆ ಎಷ್ಟು, ಹಲವು ವರ್ಷಗಳ ಲೆಕ್ಕ. ಅರ್ಧ ಅವನೇ ರಿಜಿಸ್ಟರ್ ನೋಡಿ ಟೈಪ್ ಮಾಡಿದ್ದ. ಇನ್ನರ್ಧ ಹಾಸ್ಟೆಲ್ ಗೆಳೆಯ ಎಕ್ಸೆಲ್‌ನಲ್ಲಿ ತುಂಬಿಕೊಟ್ಟಿದ್ದ. ಲೆಕ್ಕಾಚಾರ ಎಲ್ಲ ಆರ್ (R) ಎಂಬ, ಅಂಕಿಸಂಖ್ಯೆಗೆಂದೇ ಇರುವ ಕಂಪ್ಯೂಟರ್ ಭಾಷೆಯಲ್ಲಿ.

ಲ್ಯಾಬಿನಲ್ಲಿ ಬಂದ ಉತ್ತರವನ್ನು ಬರೆದುಕೊಂಡು ಬಂದಿದ್ದ. ತೊಗರಿಯ ಸರಾಸರಿ ಧಾರಣೆ ಮೂರಂಕಿಯ ಒಂದು ಸಂಖ್ಯೆ! 2023-24ರಲ್ಲಿ ತೊಗರಿಯ ಬೆಂಬಲ ಬೆಲೆಯೇ ಕ್ವಿಂಟಲಿಗೆ 7,000 ರೂಪಾಯಿ. ಮೂರಂಕಿ ಎಲ್ಲಿಂದ ಬಂತು? ಅವನು ಅಷ್ಟು ದಿನ ಅದನ್ನು ಗಮನಿಸಿರಲಿಲ್ಲ. ಲ್ಯಾಬಿನಲ್ಲಿ ಒಂದೂ ಕೆಂಪು ಅಕ್ಷರ ಕಾಣಲಿಲ್ಲ, ಹಾಗಾಗಿ ಅದೇ ಸರಿ ಅಂದುಕೊಂಡಿದ್ದ. ತನ್ನ ಲ್ಯಾಪ್‌ಟಾಪಿನಲ್ಲಿ ವಾರ್ನಿಂಗ್ ಬರುತ್ತಿತ್ತು, ಅದಕ್ಕೆ ಅದು ಕೆಟ್ಟಿದೆ ಅಂದುಕೊಂಡು ಎರಡು ಸಲ ಆರ್ ಅನ್ನು ತೆಗೆದು ಮತ್ತೆ ಹಾಕಿದ್ದ.

ವರ್ಷನ್ ಕೇಳಿದೆ. ಲ್ಯಾಬಿನಲ್ಲಿ 3.6, ಅವನ ಹತ್ತಿರ 4ರ ಮೇಲಿನದು. ಅಲ್ಲಿಗೆ ಅರ್ಧ ಗೊತ್ತಾಯಿತು. 2020ರ ಏಪ್ರಿಲ್‌ನಲ್ಲಿ ಬಂದ 4.0.0ಕ್ಕೆ ಮುಂಚೆ, ಕಾಲಂನಲ್ಲಿ ಅಕ್ಷರ ಕಂಡರೆ ಆರ್ ಅದನ್ನು ತಾನಾಗಿಯೇ ಫ್ಯಾಕ್ಟರ್ ಮಾಡಿಬಿಡುತ್ತಿತ್ತು. ಅಂದರೆ ಕಾಲಂನಲ್ಲಿರುವ ಬೇರೆ ಬೇರೆ ಮೌಲ್ಯಗಳ ಒಂದು ಪಟ್ಟಿ ಮಾಡಿಕೊಂಡು, ಒಳಗಡೆ ಆ ಪಟ್ಟಿಯ ಕ್ರಮಸಂಖ್ಯೆಯನ್ನಷ್ಟೇ ಇಟ್ಟುಕೊಳ್ಳುವುದು. ಗೆಳೆಯ ಎಕ್ಸೆಲ್‌ನಲ್ಲಿ ಧಾರಣೆಯನ್ನು 7,250 ಅಂತ ಕಾಮಾ ಹಾಕಿ ತುಂಬಿದ್ದ. ರಜೆಯ ದಿನ "ರಜೆ" ಎಂದೇ ಬರೆದಿದ್ದ. ಆರ್‌ಗೆ ಅದು ಸಂಖ್ಯೆಯ ಕಾಲಂ ಅಲ್ಲ, ಅಕ್ಷರದ ಕಾಲಂ. ಹಳೆಯ ಆರ್ ಅದನ್ನು ಫ್ಯಾಕ್ಟರ್ ಮಾಡಿತು. ಇವನು "ಆ್ಯಸ್ ಡಾಟ್ ನ್ಯೂಮರಿಕ್", ಅಂದರೆ ಸಂಖ್ಯೆ ಮಾಡು, ಎಂದಾಗ ಅದು ಧಾರಣೆ ಬಿಟ್ಟು ಕ್ರಮಸಂಖ್ಯೆ ಕೊಟ್ಟಿತು. ಅಂಕ ಎಷ್ಟು ಬಂತು ಅಂತ ಕೇಳಿದರೆ ರೋಲ್ ನಂಬರ್ ಹೇಳಿದ ಹಾಗೆ. ಲ್ಯಾಬಿನ ಸರಾಸರಿ ಅಂದರೆ ರೋಲ್ ನಂಬರುಗಳ ಸರಾಸರಿ.

ಅವನ ಲ್ಯಾಪ್‌ಟಾಪ್ ಮಾತ್ರ ನಿಜ ಹೇಳುತ್ತಿತ್ತು. ಸಂಖ್ಯೆಯಾಗದ್ದನ್ನೆಲ್ಲ ಎನ್‌ಎ (ಮೌಲ್ಯ ಇಲ್ಲ) ಮಾಡಿದ್ದೇನೆ, ನೋಡಿಕೋ ಎನ್ನುವುದೇ ಆ ವಾರ್ನಿಂಗ್. ಒಂದೇ ಒಂದು ಎನ್‌ಎ ಇದ್ದರೂ ಸರಾಸರಿ ಎನ್‌ಎ ಆಗುತ್ತದೆ. ಅದಕ್ಕೆ ಯಾರೋ ಇವನಿಗೆ "ಎನ್‌ಎ ಡಾಟ್ ಆರ್‌ಎಂ ಟ್ರೂ ಹಾಕಿಬಿಡು, ಹೋಗ್ತದ" ಅಂದಿದ್ದರಂತೆ. ಎನ್‌ಎಗಳನ್ನು ಬಿಟ್ಟು ಲೆಕ್ಕ ಹಾಕು ಎನ್ನುವ ಮಾತು ಅದು. ಹಾಕಿದರೆ ಉತ್ತರ ಬಂತು. ನೋಡಲು ಸರಿಯಾಗಿಯೂ ಇತ್ತು, ನಾಲ್ಕಂಕಿ. ನನಗೆ ನಿಜಕ್ಕೂ ಭಯ ಆದದ್ದು ಇಲ್ಲೇ. ಯಾಕೆಂದರೆ ಕಾಮಾ ಇದ್ದದ್ದು ಗೆಳೆಯ ತುಂಬಿದ ಈಚಿನ ವರ್ಷಗಳಲ್ಲಿ ಮಾತ್ರ. ಆ ಒಂದು ಮಾತು ಹಾಕಿದ ಕೂಡಲೇ ಈಚಿನ ವರ್ಷಗಳ ಧಾರಣೆ ಪೂರ್ತಿ ಹೊರಗೆ ಬಿತ್ತು. ಉಳಿದದ್ದು ಹಳೆಯ ವರ್ಷಗಳ ಸರಾಸರಿ.

ನಾನು ಯಾವಾಗಲೂ ಮಾಡಿಸುವುದು ಒಂದೇ ಕೆಲಸ. ಎನ್‌ಎ ಆದ ಸಾಲುಗಳನ್ನು ಬಿಸಾಡುವ ಮೊದಲು, ಅವು ಮೂಲದಲ್ಲಿ ಏನಿದ್ದವು ಅಂತ ಟೇಬಲ್ ಹಾಕಿ ನೋಡು. ಹಾಕಿದ. ಕಾಮಾ ಇದ್ದವು ಸಾಲುಗಟ್ಟಿ ಬಂದವು, ನಡುವೆ "ರಜೆ", ಒಂದು ಕಡೆ "ಬಂದ್", ಒಂದು ಕಡೆ ಸುಮ್ನೆ ಒಂದು ಗೆರೆ. ಕಾಮಾಗಳನ್ನು ಜಿಸಬ್ ಎಂಬ ಹುಡುಕಿ ಬದಲಿಸುವ ಆದೇಶದಿಂದ ತೆಗೆದೆವು. ರಜೆ, ಬಂದ್ ಎರಡೂ ಎನ್‌ಎ ಆಗಿಯೇ ಉಳಿಯಲಿ, ಅಂದು ವ್ಯಾಪಾರವೇ ಆಗಿಲ್ಲ ಅಲ್ವಾ. ಸೊನ್ನೆ ಮಾತ್ರ ಹಾಕಬೇಡ ಅಂದೆ. ಧಾರಣೆ ಸೊನ್ನೆ ಅಂದರೆ ರೈತ ತೊಗರಿಯನ್ನು ಪುಕ್ಕಟೆ ಕೊಟ್ಟ ಅಂತ ಅರ್ಥ.

ಲ್ಯಾಬಿನಲ್ಲಿ ತಾಲ್ಲೂಕಿನ ಹೆಸರುಗಳೆಲ್ಲ ಕನ್ನಡದ ಬದಲು "ಯು ಪ್ಲಸ್ 0ಸಿ95" ಅಂತ ಕಾಣುತ್ತವೆ ಎಂದೂ ಹೇಳಿದ. ಅದು ನಮ್ಮ "ಕ" ಅಕ್ಷರದ ಯುನಿಕೋಡ್ ಸಂಖ್ಯೆ. ಡೇಟಾ ಕೆಟ್ಟಿಲ್ಲ, ತೋರಿಸುವುದಷ್ಟೇ ಬರುತ್ತಿಲ್ಲ. 2022ರ 4.2.0ರಿಂದ ವಿಂಡೋಸ್‌ನಲ್ಲೂ ಆರ್ ಎಲ್ಲ ಲಿಪಿಗಳನ್ನೂ ಬರೆಯಬಲ್ಲ ಯುಟಿಎಫ್-8 ಸಂಕೇತ ಬಳಸುತ್ತದೆ. ಲ್ಯಾಬಿನಲ್ಲಿ ಹೊಸದನ್ನು ಹಾಕಿಸಲು ಕೇಳಬೇಕು.

ಹತ್ತು ಗಂಟೆಗೆ ಕಾಕಾ ಚಹಾ ಹಿಡಿದು ಬಂದರು. ನೆಹರೂ ಗಂಜ್‌ನ ಒಂದು ಅಡತ್ ಅಂಗಡಿಯಲ್ಲಿ ಬಹಳ ವರ್ಷ ಲೆಕ್ಕ ಬರೆದವರು. ಈಗ ಮನೆಯಲ್ಲೇ ಇರುತ್ತಾರೆ. ಕಂಪ್ಯೂಟರ್ ಮುಟ್ಟುವುದಿಲ್ಲ, ಆದರೆ ಪರದೆ ಮೇಲೆ ತೊಗರಿ ಅಂತ ಕಂಡರೆ ಬಿಡುವವರಲ್ಲ. ಹುಡುಗ ತಿಂಗಳವಾರು ಆವಕದ ಚಿತ್ರ ತೋರಿಸಿದ. ಕಾಕಾ ಕನ್ನಡಕ ಮೇಲೆ ಮಾಡಿ ನೋಡಿದರು.

"ತಮ್ಮಾ, ಜೂನದಾಗ ಇಷ್ಟು ಮಾಲು ಯಾರು ತಂದಾರ? ಆವಾಗ ತೊಗರಿ ಬಿತ್ತತಾರ, ಗಂಜಿಗಿ ತರಂಗಿಲ್ಲ."

"ಹಳೇ ದಾಸ್ತಾನು ಇರ್ತದಲ್ರಿ ಕಾಕಾ?"

"ಇರ್ತದ. ಇಷ್ಟು ಇರಂಗಿಲ್ಲ. ಆಗಸ್ಟಿನ್ಯಾಗೂ ಅದ, ಅಕ್ಟೋಬರಿನ್ಯಾಗೂ ಅದ. ಇದು ಎಲ್ಲೋ ತಪ್ಪೇದ."

ತಾರೀಕುಗಳನ್ನು ಸರಿ ಮಾಡಿದ್ದೇನೆ ಅಂತ ಹುಡುಗ ಹೇಳಿದ. ಮಾಡಿದ್ದು ನಿಜ. ಅವನ ಫೈಲಿನಲ್ಲಿ ಎರಡು ಬಗೆಯ ತಾರೀಕುಗಳಿದ್ದವು. ಕೆಲವು 15-01-2023 ಅಂತ, ದಿನ ಮೊದಲು. ಕೆಲವು 2023-06-01 ಅಂತ, ವರ್ಷ ಮೊದಲು. ಇಡೀ ಕಾಲಂಗೆ ಸುಮ್ನೆ "ಆ್ಯಸ್ ಡಾಟ್ ಡೇಟ್" (ತಾರೀಕು ಮಾಡು) ಕೊಟ್ಟಾಗ ಎರರ್ ಬರಲಿಲ್ಲ. ಆದರೆ 15-01-2023 ಹೋಗಿ ಕ್ರಿಸ್ತಶಕ 15ನೇ ವರ್ಷದ ಜನವರಿ 20 ಆಯಿತು. ಆರ್ ಮೊದಲು ವರ್ಷ ಇರುತ್ತದೆ ಅಂದುಕೊಂಡು 15 ಅನ್ನು ವರ್ಷ ಮಾಡಿತು, 01 ತಿಂಗಳು, ಆಮೇಲೆ 2023ರ ಮೊದಲ ಎರಡಂಕಿ 20 ದಿನ. ಉಳಿದ 23 ಅನ್ನು ಬಿಟ್ಟಿತು. ಆ ಬಗೆಯ ಸಾಲುಗಳೆಲ್ಲ 20ನೇ ತಾರೀಕಿಗೇ ಬಂದು ಕೂತಿದ್ದವು. ಹುಡುಗ ಇದನ್ನು ತಾನೇ ಕಂಡುಹಿಡಿದು, ಅಂಥ ಸಾಲುಗಳಿಗೆ ದಿನ-ತಿಂಗಳು-ವರ್ಷ ಎಂಬ ಕ್ರಮ ಕೊಟ್ಟು ಸರಿ ಮಾಡಿಕೊಂಡಿದ್ದ. ನನಗೆ ತುಂಬಾ ಖುಷಿಯಾಯಿತು. ವರ್ಷ ಮೊದಲಿದ್ದವು ಚೆನ್ನಾಗಿಯೇ ಕಾಣುತ್ತಿದ್ದವು, ಅವನ್ನು ಮುಟ್ಟಿರಲಿಲ್ಲ.

ಕಾಕಾ ಮಾತು ಕೇಳಿದ ಮೇಲೆ 2023ರ ಆವಕವನ್ನು ದಿನವಾರು ಬಿಡಿಸಿ ನೋಡಿದೆವು. ಜನವರಿಯಲ್ಲಿ, ಡಿಸೆಂಬರಿನಲ್ಲಿ ಗುಡ್ಡ. ಅದು ಸರಿ, ಸುಗ್ಗಿ. ಆದರೆ ಬೇರೆ ತಿಂಗಳುಗಳಲ್ಲಿ ಒಂದೊಂದು ಉದ್ದನೆಯ ಮೊಳೆ ಎದ್ದಂತೆ ಗೆರೆ. ತಾರೀಕು ಓದಿಸಿದೆ. ಮೇ 1, ಮೇ 12. ಜೂನ್ 1, ಜೂನ್ 12. ಜುಲೈ 1, ಜುಲೈ 12. ಆಗಸ್ಟ್ 12.

ಎಲ್ಲಿ ನೋಡಿದರೂ ಒಂದನೇ ತಾರೀಕು, ಇಲ್ಲವೇ ಹನ್ನೆರಡನೇ ತಾರೀಕು. ಐದು ನಿಮಿಷ ಮೂವರೂ ಮಾತಾಡಲಿಲ್ಲ. ಆಮೇಲೆ ಹುಡುಗನೇ ಹೇಳಿದ: "ಮೇಡಂ, ಒಂದು ಅಂದ್ರ ಜನವರಿ, ಹನ್ನೆರಡು ಅಂದ್ರ ಡಿಸೆಂಬರ್!"

ಹೌದು. ಜನವರಿ 6 ಹೋಗಿ ಜೂನ್ 1 ಆಗಿತ್ತು. ಡಿಸೆಂಬರ್ 8 ಹೋಗಿ ಆಗಸ್ಟ್ 12. ಸುಗ್ಗಿಯ ಎರಡು ತಿಂಗಳ ಮೊದಲ ಹನ್ನೆರಡು ದಿನಗಳು ವರ್ಷದ ತುಂಬ ಚೆಲ್ಲಿ ಹೋಗಿದ್ದವು.

ಗೆಳೆಯನಿಗೆ ಫೋನ್ ಮಾಡಿಸಿದೆ. ಅವನು ಬೇರೆ ಯಾರದೋ ಕಂಪ್ಯೂಟರಿನಲ್ಲಿ ಫೈಲು ತೆರೆದಿದ್ದ. ಅದರಲ್ಲಿ ತಾರೀಕಿನ ಸೆಟ್ಟಿಂಗ್ ಅಮೆರಿಕದ್ದು, ತಿಂಗಳು ಮೊದಲು. 06-01-2023 ಎಂದು ಇದ್ದದ್ದನ್ನು ಎಕ್ಸೆಲ್ ಜೂನ್ 1 ಎಂದು ಓದಿತು. 15-01-2023 ಅನ್ನು ಓದಲು ಬರಲಿಲ್ಲ, ಹದಿನೈದನೇ ತಿಂಗಳು ಇಲ್ಲವಲ್ಲ. ಅದನ್ನು ಅಕ್ಷರ ಅಂತ ಹಾಗೇ ಬಿಟ್ಟಿತು. ಆಮೇಲೆ ಗೆಳೆಯ ನೀಟಾಗಿ ಕಾಣಲಿ ಅಂತ ವರ್ಷ ಮೊದಲು ಬರುವ ಫಾರ್ಮ್ಯಾಟ್ ಕೊಟ್ಟ. ನೋಡಲು ಕೆಟ್ಟಂತಿದ್ದ ಸಾಲುಗಳೇ ಸರಿಯಾಗಿದ್ದವು. ನೋಡಲು ಅಚ್ಚುಕಟ್ಟಾಗಿದ್ದವೇ ಕೆಟ್ಟಿದ್ದವು.

ಇಷ್ಟಕ್ಕೇ ಕೋಡ್ ತಿದ್ದಲು ಹುಡುಗ ಹೊರಟ. ನಾನು ಬೇಡ ಅಂದೆ. ನಮ್ಮ ಊಹೆ ನಿಜವಾದರೆ ವರ್ಷ ಮೊದಲಿರುವ ಸಾಲುಗಳಲ್ಲಿ ದಿನ ಎಂದೂ 12 ದಾಟಬಾರದು. ದಿನ ಮೊದಲಿರುವ ಸಾಲುಗಳಲ್ಲಿ ದಿನ ಎಂದೂ 13ಕ್ಕಿಂತ ಕೆಳಗೆ ಬರಬಾರದು. ಎಣಿಸಿದೆವು. ಒಂದೇ ಒಂದು ಸಾಲೂ ತಪ್ಪಿಲ್ಲ. ಇನ್ನೊಂದು ಪರೀಕ್ಷೆ ಕಾಕಾ ಕೊಟ್ಟರು. "ರವಿವಾರ ಗಂಜ್ ಬಂದ್ ಇರ್ತದ. ಅಂದು ಎಷ್ಟು ಮಾಲು ಬಂದದ ನೋಡ್ರಿ." ವಾರದ ಹೆಸರು ತೆಗೆಸಿದೆವು. ದಿನ ಮೊದಲಿರುವ ಸಾಲುಗಳಲ್ಲಿ ರವಿವಾರವೇ ಇಲ್ಲ. ವರ್ಷ ಮೊದಲಿರುವವುಗಳಲ್ಲಿ ಬೇಕಾದಷ್ಟು. 2023ರ ಅಕ್ಟೋಬರ್ 1 ರವಿವಾರ, ಅಂದು ರಾಶಿ ಆವಕ. ತಿರುಗಿಸಿದರೆ ಅದು ಜನವರಿ 10, ಮಂಗಳವಾರ.

ಕೊನೆಗೆ ತಿದ್ದಿದ್ದು ಒಂದೇ ಸಾಲು. ಆ ತಾರೀಕುಗಳನ್ನು ವರ್ಷ-ದಿನ-ತಿಂಗಳು ಎಂಬ ಕ್ರಮದಲ್ಲಿ ಓದು ಅಂತ ಹೇಳಿದೆವು. ರವಿವಾರಗಳೆಲ್ಲ ಮಾಯವಾದವು. ಹುಡುಗ ಎದ್ದು ಕಾಕಾನ ಕಾಲು ಮುಟ್ಟಿದ.

ತಾರೀಕಿನ ಮಾತು ಬಂದಾಗಲೆಲ್ಲ ವಿದ್ಯಾರ್ಥಿಗಳಿಗೆ ನಾನೊಂದು ಹೇಳುತ್ತೇನೆ. ಆರ್‌ನ 1.0.0 ಹೊರಬಂದದ್ದು 29 ಫೆಬ್ರವರಿ 2000ರಂದು. ಅದನ್ನು ಕಟ್ಟಿದ ರಾಸ್ ಇಹಾಕಾ, ರಾಬರ್ಟ್ ಜಂಟಲ್‌ಮನ್ ಇಬ್ಬರೂ ಆಗ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರುಗಳಾಗಿದ್ದರು. ಪಾಠ ಮಾಡುವವರು ಪಾಠಕ್ಕೂ ಬರಲಿ ಅಂತ ಕಟ್ಟಿದ ಭಾಷೆ. ಹಣ ಕೊಡದೆ ಸೇಡಂನ ಹುಡುಗನ ಕೈಗೂ ಸಿಕ್ಕಿದೆ. ನನಗೆ ಇದು ದೊಡ್ಡ ಮಾತು.

ಹನ್ನೊಂದೂವರೆಗೆ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಇರುವಷ್ಟು ಹೊತ್ತು ಮುಂದುವರಿದೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಅಲ್ಲೇ ಬಂತು.

ಉಳಿದದ್ದು ಬಿತ್ತನೆ ಪ್ರದೇಶದ ಟೇಬಲ್. ವರ್ಷ ಮತ್ತು ಜಿಲ್ಲೆಯ ಹೆಸರು ನೋಡಿ ಧಾರಣೆಯ ಟೇಬಲ್ ಜೊತೆ ಮರ್ಜ್ ಮಾಡಿದ್ದ. ಮಾಡಿದ ಮೇಲೆ ಹಳೆಯ ವರ್ಷಗಳೇ ಇಲ್ಲ. ಮರ್ಜ್ ಎರಡೂ ಕಡೆ ಇರುವ ಸಾಲುಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಮಾತಿಲ್ಲದೆ ಬಿಡುತ್ತದೆ. ಒಂದು ಟೇಬಲಿನಲ್ಲಿ ಎಲ್ಲ ವರ್ಷಕ್ಕೂ ಕಲಬುರಗಿ. ಇನ್ನೊಂದರಲ್ಲಿ ಹಳೆಯ ವರ್ಷಗಳಿಗೆ ಗುಲ್ಬರ್ಗಾ, ಯಾಕೆಂದರೆ ಹೆಸರು ಬದಲಾದದ್ದು 1 ನವೆಂಬರ್ 2014ಕ್ಕೆ. ಒಂದೆರಡು ಕಡೆ ಹೆಸರಿನ ಹಿಂದೆ ಕಾಣದ ಒಂದು ಸ್ಪೇಸ್ ಕೂಡ ಇತ್ತು. ಸ್ಪೇಸ್ ಕತ್ತರಿಸಿ, ಹೆಸರು ಒಂದೇ ಮಾಡಿ, "ಆಲ್ ಟ್ರೂ" (ಯಾವ ಸಾಲನ್ನೂ ಬಿಡಬೇಡ) ಹಾಕಿ, ಮೊದಲು ಎಷ್ಟು ಸಾಲು, ಆಮೇಲೆ ಎಷ್ಟು ಅಂತ ಎಣಿಸಿದೆವು. ಸರಿಯಾಯಿತು.

ಸರಿಯಾದ ಮೇಲೆ ಒಂದು ವಿಚಿತ್ರ ಕಂಡಿತು. ಒಂದು ವರ್ಷದಿಂದ ಮುಂದಕ್ಕೆ ಜಿಲ್ಲೆಯ ತೊಗರಿ ಪ್ರದೇಶ ಧಪ್ ಅಂತ ಇಳಿದಿದೆ. ಬರಗಾಲ ಇರಬೇಕು ಅಂತ ಹುಡುಗ ಬರೆದೂ ಇಟ್ಟಿದ್ದ. ಇದಕ್ಕೆ ಕಾಕಾ ಬೇಕಾಗಲಿಲ್ಲ. ನಾನು ಶಹಾಪುರದಲ್ಲಿ ಹುಟ್ಟಿದವಳು. ನಾನು ಹುಟ್ಟಿದಾಗ ನಮ್ಮೂರು ಗುಲ್ಬರ್ಗಾ ಜಿಲ್ಲೆ. ಈಗ ಯಾದಗಿರಿ. 30 ಡಿಸೆಂಬರ್ 2009ರಂದು ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಸೇರಿ ಬೇರೆ ಜಿಲ್ಲೆಯಾದವು. ಆ ಹೊಲಗಳು ಎಲ್ಲೂ ಹೋಗಿಲ್ಲ, ಅಲ್ಲಿನ ಬೆಳೆಯೂ ಒಣಗಿಲ್ಲ. ಬೇರೆ ಸಾಲಿನಲ್ಲಿ ಬರೆಯುತ್ತಿದ್ದಾರೆ ಅಷ್ಟೇ. ಮುಂದಿನ ವರ್ಷಗಳಿಗೆ ಎರಡೂ ಜಿಲ್ಲೆ ಕೂಡಿಸಿ ಹೋಲಿಸು ಅಂದೆ. ಕೂಡಿಸಿದ ಮೇಲೆ ಆ ಇಳಿತ ಉಳಿಯಲಿಲ್ಲ. "ಬರಗಾಲ" ಎಂಬ ಪದವನ್ನು ಅವನು ನನ್ನೆದುರಿಗೇ ಅಳಿಸಿದ.

ಬಿಸಿಲು ಇಳಿದ ಮೇಲೆ ಐದರ ಬಸ್ಸಿಗೆ ಹೋದ. ರಾತ್ರಿ ಒಂಬತ್ತಕ್ಕೆ ಹೊಸ ಚಿತ್ರ ಕಳಿಸಿದ್ದಾನೆ. ಡಿಸೆಂಬರ್, ಜನವರಿಯಲ್ಲಿ ಎತ್ತರದ ಗುಡ್ಡ, ಆಮೇಲೆ ನಿಧಾನಕ್ಕೆ ಇಳಿಜಾರು. ಆದರೆ 2023ರ ಜೂನ್‌ನಲ್ಲಿ ಇನ್ನೂ ಒಂದು ಸಣ್ಣ ಉಬ್ಬು ಉಳಿದಿದೆ. "ಇದನ್ನೂ ತಪ್ಪು ಅಂತ ತೆಗೆದು ಹಾಕ್ಲೇನ್ರಿ ಮೇಡಂ?" ಎಂದು ಕೇಳಿದ್ದಾನೆ.

ಕಾಕಾಗೆ ತೋರಿಸಿದೆ. ಬಹಳ ಹೊತ್ತು ನೋಡಿದರು.

"ಅದನ್ನ ತೆಗಿಬ್ಯಾಡ ಅಂತ ಹೇಳವ್ವಾ. ಆ ವರ್ಷ ಜೂನದಾಗ ಸರ್ಕಾರ ತೊಗರಿ ದಾಸ್ತಾನಿಗಿ ಮಿತಿ ಹಾಕಿತ್ತು. ಇಟ್ಟವರು ಹೊರಗ ತಗದಿರಬೇಕು. ಮೊದಲು ರಿಜಿಸ್ಟರ್ ನೋಡ್ಲಿ."

ಹಾಗೇ ಬರೆದು ಕಳಿಸಿದ್ದೇನೆ. ನಾಳೆ ಸೋಮವಾರ ಗಂಜ್ ತೆರೆದಿರುತ್ತದೆ. ಅವನು ಹತ್ತಕ್ಕೆ ಅಲ್ಲಿಗೆ ಹೋಗುತ್ತಾನೆ, ಕಾಕಾ ಕೂಡ ಬರುತ್ತೇನೆ ಅಂದಿದ್ದಾರೆ.