ಮೂಸಾರ್ ಲಾಗ್: ಎರಡನೇ ಬಾಟಲಿ, ನಾಲ್ಕು ಸಂಜೆ

ಹೋದ ವರ್ಷ ಮೂರು ಬಾಟಲಿ ತಗೊಂಡಿದ್ದೆ, ಲೆಬನಾನ್‌ನ ಶಾತೋ ಮೂಸಾರ್ ರೆಡ್ ವೈನ್, ಮೂರೂ 2016ರ ಕೊಯ್ಲಿನದ್ದೇ. ಮೊದಲನೇದನ್ನ ಒಂದೇ ರಾತ್ರಿ ಊಟದ ಜೊತೆ ಖಾಲಿ ಮಾಡಿ "ಹುಳಿ ಜಾಸ್ತಿ, ಘಾಟು" ಅಂತ ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದೆ. ಆ ಪುಟ ಈಗ ಹೊಡೆದು ಹಾಕಿದೀನಿ, ಆತುರ ನಂದೇ.

ಈ ಸಲ ದಿನಕ್ಕೊಂದೇ ಸುತ್ತು, ನಾಲ್ಕು ಸಂಜೆ. ಮೂಸಾರ್‌ನವರು ವೈನ್‌ನ ಫಿಲ್ಟರ್ ಮಾಡಲ್ಲ, ಅದಕ್ಕೆ ಹಿಂದಿನ ದಿನವೇ ಬಾಟಲಿ ನೆಟ್ಟಗೆ ನಿಲ್ಲಿಸಿಟ್ಟೆ, ಚರಟ ತಳಕ್ಕೆ ಕೂರ್ಲಿ ಅಂತ.

ಮೊದಲ ಸಂಜೆ. ಸ್ಕ್ರೂ ಓರೆಯಾಗಿ ಹಾಕ್ಬಿಟ್ಟು ಕಾರ್ಕ್ ಅರ್ಧಕ್ಕೆ ಮುರೀತು, ಉಳಿದ ಅರ್ಧ ತೆಗೆಯೋಕೆ ಕಾಲು ಗಂಟೆ. ಬಣ್ಣ ಕಡು ಇಲ್ಲ, ಗ್ಲಾಸ್ ಓರೆ ಮಾಡಿದ್ರೆ ಅಂಚಲ್ಲಿ ಆಗಲೇ ಇಟ್ಟಿಗೆ ಛಾಯೆ. ಮೂಗಿಗೆ ಮೊದಲು ಬಡಿದಿದ್ದು ಅದೇ ಹಳೇ ಘಾಟು, ನೈಲ್ ಪಾಲಿಶ್ ಮುಚ್ಚಳ ತೆಗೆದ ಹಾಗೆ. ಭಾವಮೈದ ಒಂದು ಗುಟುಕು ಕುಡಿದು "ಭಾವ, ಇದು ಕೆಟ್ಟೋಗಿದೆ ಅನ್ಸುತ್ತೆ" ಅಂದ. ತಡಿ ಮಾರಾಯ, ನಾಳೆ ನೋಡೋಣ ಅಂದೆ. ಈ ಘಾಟು ಮೂಸಾರ್‌ನ ಗುರುತು, ಕೆಲವರು ದೋಷ ಅಂತಾರೆ, ನಾನು ಈಗ ಹಾಗನ್ನಲ್ಲ.

ಎರಡನೇ ಸಂಜೆ ಅಂಥದ್ದೇನೂ ಬದಲಾಗಿಲ್ಲ, ಘಾಟು ಸ್ವಲ್ಪ ಇಳಿದಿತ್ತು ಅಷ್ಟೆ. ಅವತ್ತು ಈ ವೈನ್ ಮಾಡೋ ಮನೆತನದ ಬಗ್ಗೆ ಓದ್ತಾ ಕೂತೆ. 1930ರಲ್ಲಿ ಗ್ಯಾಸ್ಟನ್ ಹೋಶಾರ್ ಶುರು ಮಾಡಿದ್ದು, ಬೈರೂತ್‌ನ ಉತ್ತರಕ್ಕೆ ಘಾಜಿರ್ ಅನ್ನೋ ಊರಲ್ಲಿ. ದ್ರಾಕ್ಷಿ ತೋಟ ಮಾತ್ರ ಬೆಟ್ಟದ ಆಚೆ ಬೆಕಾ ಕಣಿವೇಲಿ, ಸುಮಾರು 1000 ಮೀಟರ್ ಎತ್ತರ. ಅಂದ್ರೆ ಪ್ರತಿ ಕೊಯ್ಲಿಗೂ ಹಣ್ಣು ಲಾರೀಲಿ ಬೆಟ್ಟ ದಾಟಿ ಬರ್ಬೇಕು. ಬೇರೆ ಕಾಲದಲ್ಲಿ ಇದು ದೊಡ್ಡ ವಿಷಯ ಅಲ್ಲ, ಆದ್ರೆ 1975ರಿಂದ 1990ರವರೆಗೆ ಅಲ್ಲಿ ಅಂತರ್ಯುದ್ಧ. ಮಗ ಸೆರ್ಜ್ 1959ರಿಂದ ವೈನ್ ಕೆಲಸ ನೋಡ್ಕೋತಿದ್ರು, ಗುಂಡು ಹಾರೋ ದೇಶದಲ್ಲಿ ವರ್ಷಾವರ್ಷಾ ಕೊಯ್ಲು ಮಾಡಿದ್ರು. 1976ರಲ್ಲಿ ಮಾತ್ರ ವೈನೇ ಆಗ್ಲಿಲ್ಲ. 1984ರಲ್ಲಿ ಲಾರಿಗಳು ರಸ್ತೇಲಿ ಸಿಕ್ಕಾಕೊಂಡು, ಘಾಜಿರ್ ಸೇರೋ ಅಷ್ಟ್ರಲ್ಲಿ ಹಣ್ಣು ದಾರೀಲೇ ಹುಳಿಯೋಕೆ ಶುರುವಾಗಿತ್ತು, ಆದ್ರೂ ಚೆಲ್ಲದೆ ಅದನ್ನೂ ವೈನ್ ಮಾಡಿದ್ರು. ಇದನ್ನ ಓದಿ ಗ್ಲಾಸ್ ಕೆಳಗಿಟ್ಟು ಸುಮ್ಮನೆ ಕೂತ್ಬಿಟ್ಟೆ. ಅದೇ 1984ರಲ್ಲಿ ಡಿಕ್ಯಾಂಟರ್ ಅನ್ನೋ ವೈನ್ ಪತ್ರಿಕೆ ಮೊದಲನೇ ಸಲ 'ವರ್ಷದ ವ್ಯಕ್ತಿ' ಗೌರವ ಕೊಟ್ಟಾಗ ಅದು ಸಿಕ್ಕಿದ್ದು ಸೆರ್ಜ್ ಅವರಿಗೇ.

ಮೂರನೇ ಸಂಜೆ, ಇದಕ್ಕೇ ಕಾಯ್ತಿದ್ದಿದ್ದು! ಘಾಟು ಹೋಗಿ ಒಣ ಅಂಜೂರ, ಚೆರ್ರಿ, ಆಮೇಲೆ ಹಳೇ ಮರದ ಪೆಟ್ಟಿಗೆ ತೆಗೆದಾಗ ಬರೋ ಏಲಕ್ಕಿ ಲವಂಗದ ವಾಸನೆ. ನಾಲಿಗೆ ಮೇಲೆ ನೇರಳೆ ಹಣ್ಣಿನ ಒಗರು, ಆದ್ರೆ ಮೆತ್ತಗೆ. ಭಾವಮೈದ ಏನೂ ಮಾತಾಡ್ದೆ ಎರಡನೇ ಸಲ ಗ್ಲಾಸ್ ಮುಂದೆ ಹಿಡಿದ.

ಇದ್ರಲ್ಲಿರೋದು ಕ್ಯಾಬರ್ನೆ ಸೊವಿನ್ಯೋ, ಕ್ಯಾರಿನ್ಯಾನ್, ಸೆನ್ಸೋ ಅನ್ನೋ ದ್ರಾಕ್ಷಿ ತಳಿಗಳು, ಮೂರನ್ನೂ ಬೇರೆ ಬೇರೆ ಕಾಂಕ್ರೀಟ್ ತೊಟ್ಟೀಲಿ ಹುದುಗು ಬರ್ಸಿ, ಒಂದು ವರ್ಷ ಫ್ರೆಂಚ್ ಓಕ್ ಪೀಪಾಯಲ್ಲಿಟ್ಟು, ಆಮೇಲೆ ಬೆರೆಸಿ, ಬಾಟಲಿ ತುಂಬಿದ ಮೇಲೂ ವರ್ಷಗಟ್ಟಲೆ ನೆಲಮಾಳಿಗೇಲಿ ಮಲಗಿಸ್ತಾರೆ. ಮಾರಾಟಕ್ಕೆ ಬರೋದು ಕೊಯ್ಲಾಗಿ 7ನೇ ವರ್ಷಕ್ಕೆ. ಏಳು ವರ್ಷ ಅವರು ಕಾದಿದ್ದನ್ನ ನಾನು ಎರಡು ಗಂಟೇಲಿ ಮುಗಿಸಿದ್ದೆ.

ನಾಲ್ಕನೇ ಸಂಜೆ ತಳದ ಅರ್ಧ ಗ್ಲಾಸ್, ಸ್ವಲ್ಪ ಸಪ್ಪೆ, ಆದ್ರೆ ಅಂಜೂರದ ವಾಸನೆ ಇನ್ನೂ ಇತ್ತು. ಚರಟ ಬಿಳಿ ತಟ್ಟೆ ಮೇಲೆ ಸುರಿದು ನೋಡ್ದೆ, ಕೆಂಪು ಮಣ್ಣಿನ ಹಾಗೆ ನುಣ್ಣಗೆ.

ಒಂದು ವಿಷಯ ನೋಟ್‌ಬುಕ್ಕಲ್ಲಿ ಗೆರೆ ಹಾಕಿ ಬರ್ಕೊಂಡೆ: ಸೆರ್ಜ್ ತೀರ್ಕೊಂಡಿದ್ದು 2014ರ ಕೊನೇಲಿ, ಅಂದ್ರೆ ಈ 2016 ಅವರಿಲ್ಲದ ಕೊಯ್ಲು, ಮನೆಯವರೇ ಮುಂದುವರಿಸಿದ್ದು, ಅವರ ಒಬ್ಬ ಮಗನಿಗೂ ತಾತನ ಹೆಸರೇ, ಗ್ಯಾಸ್ಟನ್.

ಮೂರನೇ ಬಾಟಲಿ ಮೆಟ್ಟಿಲ ಕೆಳಗಿನ ಕಪಾಟಲ್ಲಿ ಅಡ್ಡ ಮಲಗಿದೆ. 2030ಕ್ಕೆ ಮೂಸಾರ್‌ಗೆ ನೂರು ತುಂಬುತ್ತೆ, ಅವತ್ತು ತೆಗೀತೀನಿ.